ಪ್ರಕೃತಿ ವಿಕೋಪದ ಹಾನಿ ತಗ್ಗಿಸುವ ಕ್ರಮಗಳು: ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನದಿ ಪ್ರವಾಹ

ಪೀಠಿಕೆ

ಪ್ರವಾಹ, ಬಿರುಗಾಳಿ, ಸಿಡಿಲು, ಭೂಕುಸಿತ, ಬರ ಮುಂತಾದವುಗಳನ್ನು ಪ್ರಕೃತಿ ವಿಕೋಪಗಳೆಂದು ಪರಿಗಣಿಸಲಾಗುತ್ತದೆ. ಇವುಗಳ ಪೈಕಿ ಶಿವಮೊಗ್ಗ ಮತ್ತು ಭದ್ರಾವತಿ ನಗರಗಳನ್ನು ಮತ್ತೆ ಮತ್ತೆ ಬಾಧಿಸುವುದು ನದಿ ಪ್ರವಾಹವೇ ಆಗಿರುತ್ತದೆ. ಶಿವಮೊಗ್ಗ ನಗರವು ತುಂಗಾ ನದಿಯ ದಂಡೆಯ ಮೇಲೂ ಭದ್ರಾವತಿ ನಗರವು ಭದ್ರಾ ನದಿಯ ಎರಡೂ ದಂಡೆಗಳ ಮೇಲೂ ಬೆಳೆದಿವೆ. ಎರಡೂ ನದಿಗಳು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿಯಲ್ಲಿ ಹರಿದು, ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡ್ಲಿಯಲ್ಲಿ ಸಂಗಮವಾಗಿ ತುಂಗಭದ್ರೆಯೆನಿಸುತ್ತವೆ. ಮೂಲ ಒಂದೇ, ಮಳೆಗಾಲವೂ ಒಂದೇ. ಆದರೂ ಎರಡು ನಗರಗಳಿಗೆ ಪ್ರವಾಹ ಬರುವ ರೀತಿ ಮತ್ತು ಕಾಲ ಒಂದೇ ಅಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಕೈಗೊಳ್ಳುವ ಸಿದ್ಧತೆಯು ಒಂದು ನಗರದಲ್ಲಿ ತಡವಾಗಿಯೂ ಇನ್ನೊಂದರಲ್ಲಿ ಅಕಾಲಿಕವಾಗಿಯೂ ಪರಿಣಮಿಸುವ ಸಂಭವವಿರುತ್ತದೆ.

ನೀರು ಬರುವುದು ಮಲೆನಾಡಿನಿಂದ

ನಗರದಲ್ಲಿ ಬಿಸಿಲಿದೆ, ಆದುದರಿಂದ ಭಯವಿಲ್ಲ ಎಂಬ ಭಾವನೆ ನದಿ ದಂಡೆಯ ಬಡಾವಣೆಗಳಲ್ಲಿ ಸಾಮಾನ್ಯವಾಗಿದೆ. ಇದು ತಪ್ಪು ತಿಳಿವಳಿಕೆ. ತುಂಗೆಯನ್ನು ಉಕ್ಕಿಸುವ ಮಳೆ ಶೃಂಗೇರಿ, ಕಿಗ್ಗ, ಆಗುಂಬೆ, ತೀರ್ಥಹಳ್ಳಿ ಭಾಗಗಳಲ್ಲಿ ಸುರಿಯುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ಶಿವಮೊಗ್ಗ ನಗರವು ಪಡೆಯುವ ಮಳೆ ಇದರ ಒಂದು ಸಣ್ಣ ಪಾಲು ಮಾತ್ರ. ಆದ ಕಾರಣ ನಗರದಲ್ಲಿ ತುಂತುರು ಹನಿಯುತ್ತಿರುವಾಗಲೇ ಹೊಳೆ ದಂಡೆ ಮೀರಬಹುದು, ಇದಕ್ಕೆ ವಿರುದ್ಧವಾಗಿ ನಗರದಲ್ಲಿ ಧಾರಾಕಾರ ಮಳೆಯಾದರೂ ಹೊಳೆ ಶಾಂತವಾಗಿರಬಹುದು.

ಹಿಂದಿನವರು ಈ ಸಂಗತಿಯನ್ನು ಬಲ್ಲವರಾಗಿದ್ದರು. ಶೃಂಗೇರಿಯಲ್ಲಿ ನದಿಯಂಚಿನ ಕಪ್ಪೆ ಶಂಕರ ಮುಳುಗಿತೆಂದರೆ, ತೀರ್ಥಹಳ್ಳಿಯಲ್ಲಿ ರಾಮ ಮಂಟಪ ಮುಳುಗಿತೆಂದರೆ, ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ನಡುವಿರುವ ಮಂಟಪದತ್ತ ಜನ ನೋಡತೊಡಗುತ್ತಿದ್ದರು. ಮಂಟಪ ಮುಳುಗಿದರೆ ತುಂಗೆ ತುಂಬಿದಳೆಂದು ಅರಿಶಿನ ಕುಂಕುಮದೊಡನೆ ಬಾಗಿನ ಅರ್ಪಿಸುವ ರೂಢಿ ಇಂದಿಗೂ ಇದೆ. ಬಾಗಿನ ಭಕ್ತಿಯ ವಿಷಯವಾದರೂ ಮಂಟಪ ಮಾತ್ರ ಒಂದು ಅಳತೆಗೋಲು. ಅದರ ನೆತ್ತಿ ಮುಳುಗುವ ಹೊತ್ತಿಗೆ ದಂಡೆಯ ತಗ್ಗು ಪ್ರದೇಶಗಳ ನಿವಾಸಿಗಳು ಹೊಳೆ ನೋಡುವುದನ್ನು ಬಿಟ್ಟು ಮನೆ ಸೇರಿ ಸಾಮಾನು ಮೇಲೇರಿಸಲು ಆರಂಭಿಸುವುದು ಸೂಕ್ತ.

ಇಂದು ಈ ಕಲ್ಲಿನ ಗುರುತುಗಳ ಜೊತೆಗೆ ಯಂತ್ರಗಳೂ ಇವೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭಗೊಂಡ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಕೇಂದ್ರ ಜಲ ಆಯೋಗವು ತುಂಗಾ ನದಿಗೆ ಶಿವಮೊಗ್ಗದಲ್ಲಿ, ಭದ್ರಾ ನದಿಗೆ ಹೊಳೆಹೊನ್ನೂರಿನಲ್ಲಿ, ತುಂಗಭದ್ರೆಗೆ ಹೊನ್ನಾಳಿಯಲ್ಲಿ ನೀರಿನ ಮಟ್ಟವನ್ನು ಅಳೆಯುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆಯು ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ಪ್ರಕಟವಾಗುತ್ತದೆ. 24 ಗಂಟೆಗಳಲ್ಲಿ 204.4 ಮಿ.ಮೀ. ಮೀರುವ ಮಳೆಯನ್ನು ಅತ್ಯಂತ ಭಾರಿ ಮಳೆಯೆಂದು ವರ್ಗೀಕರಿಸಲಾಗಿದೆ. ನಗರವಾಸಿಗಳು ತಮ್ಮ ನಗರದ ಮುನ್ಸೂಚನೆಗಿಂತ ಹೆಚ್ಚಾಗಿ ಮೇಲ್ಭಾಗದ ತಾಲ್ಲೂಕುಗಳ ಮುನ್ಸೂಚನೆಯನ್ನು ಗಮನಿಸತಕ್ಕದ್ದು.

ಗಾಜನೂರು ಮತ್ತು ಲಕ್ಕವಳ್ಳಿ: ಎರಡು ಜಲಾಶಯಗಳ ಲೆಕ್ಕ

ಶಿವಮೊಗ್ಗದ ಮೇಲ್ಭಾಗದಲ್ಲಿ ಗಾಜನೂರಿನ ತುಂಗಾ ಜಲಾಶಯವಿದೆ. ಹಳೆಯ ತುಂಗಾ ಅಣೆಕಟ್ಟಿನ ಬಳಿಯೇ ತುಂಗಾ ಮೇಲ್ದಂಡೆ ಯೋಜನೆಯಡಿ ನಿರ್ಮಾಣವಾದ ಇದರ ಸಂಗ್ರಹ ಸಾಮರ್ಥ್ಯ 3.24 ಟಿ.ಎಂ.ಸಿ., ಗರಿಷ್ಠ ಮಟ್ಟ 588.24 ಮೀಟರ್. ಭದ್ರಾವತಿಯ ಮೇಲ್ಭಾಗದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಇದರ ಸಾಮರ್ಥ್ಯ 71.535 ಟಿ.ಎಂ.ಸಿ., ಗರಿಷ್ಠ ಮಟ್ಟ 186 ಅಡಿ.

ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ ನೀರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ಹರಿವು. ಈ ಎರಡು ಮಾಪನಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಎರಡು ನಗರಗಳ ಸ್ಥಿತಿ ಸ್ಪಷ್ಟವಾಗುತ್ತದೆ. ಗಾಜನೂರಿಗೆ 1 ಲಕ್ಷ ಕ್ಯೂಸೆಕ್ ಒಳಹರಿವು ಬಂದಲ್ಲಿ, ಜಲಾಶಯ ಪೂರ್ತಿ ಬರಿದಾಗಿದ್ದರೂ ಕೇವಲ 9 ಗಂಟೆಗಳಲ್ಲಿ ಭರ್ತಿಯಾಗುತ್ತದೆ. ಭದ್ರಾ ಜಲಾಶಯಕ್ಕೆ 50,000 ಕ್ಯೂಸೆಕ್ ಒಳಹರಿವು ಎಡೆಬಿಡದೆ ಬಂದರೂ ಬರಿದಾದ ಜಲಾಶಯ ತುಂಬಲು 16 ದಿನಗಳಿಗೂ ಮಿಗಿಲಾದ ಕಾಲ ಬೇಕು. ಅಂದರೆ ಗಾಜನೂರು ಜಲಾಶಯಕ್ಕೆ ಪ್ರವಾಹವನ್ನು ತಡೆದು ನಿಲ್ಲಿಸುವ ಶಕ್ತಿಯಿಲ್ಲ. ಮಳೆಗಾಲದ ಆರಂಭದಲ್ಲಿಯೇ ಅದು ತುಂಬುತ್ತದೆ, ಆ ಬಳಿಕ ಮೇಲಿನಿಂದ ಎಷ್ಟು ಬರುತ್ತದೆಯೋ ಅಷ್ಟನ್ನೂ ಗೇಟುಗಳ ಮೂಲಕ ಕೆಳಕ್ಕೆ ಬಿಡಲೇಬೇಕಾಗುತ್ತದೆ. "ಗಾಜನೂರಿನಲ್ಲಿ ನೀರು ಬಿಟ್ಟ ಕಾರಣ ಪ್ರವಾಹ ಬಂತು" ಎಂಬ ಆಕ್ಷೇಪಣೆ ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆಯಾದರೂ, ಅಷ್ಟು ಸಣ್ಣ ಜಲಾಶಯದಲ್ಲಿ ನೀರನ್ನು ಹಿಡಿದಿಡಲು ಸ್ಥಳವೇ ಇರುವುದಿಲ್ಲ.

ಭದ್ರೆಯ ವಿಷಯ ಬೇರೆ. ಬೇಸಿಗೆಯಲ್ಲಿ ತಗ್ಗಿದ ಜಲಾಶಯವು ಜೂನ್ ಮತ್ತು ಜುಲೈ ತಿಂಗಳ ಪ್ರವಾಹವನ್ನು ತನ್ನ ಒಡಲಲ್ಲಿ ಇರಿಸಿಕೊಂಡು ಭದ್ರಾವತಿಯನ್ನು ಕಾಯುತ್ತದೆ. ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಬಂದರೂ ಆ ದಿನಗಳಲ್ಲಿ ಭದ್ರಾವತಿಯಲ್ಲಿ ಹೊಳೆ ತಳದಲ್ಲೇ ಹರಿಯುತ್ತಿರುತ್ತದೆ. ಈ ನೆಮ್ಮದಿಯೇ ಅಪಾಯಕಾರಿ. ಜಲಾಶಯದ ಮಟ್ಟ 180 ಅಡಿ ದಾಟಿದ ಮೇಲೆ ರಕ್ಷಣೆ ತೆಳುವಾಗುತ್ತಾ ಹೋಗಿ, 186 ಅಡಿಯಲ್ಲಿ ಇಲ್ಲವಾಗುತ್ತದೆ. ಆಗ ಬರುವ ಸಾಧಾರಣ ಮಳೆಯ ನೀರೂ ನೇರವಾಗಿ ನಗರಕ್ಕೆ ಇಳಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಶಿವಮೊಗ್ಗದವರು ಪುನರ್ವಸು ಮಳೆಯ ಹೊತ್ತಿಗೇ ಎಚ್ಚರದಿಂದಿರಬೇಕು. ಭದ್ರಾವತಿಯವರ ಎಚ್ಚರ ಅನೇಕ ವರ್ಷಗಳಲ್ಲಿ ಆಶ್ಲೇಷ, ಮಘೆ ಮಳೆಗಳಲ್ಲಿ ಆರಂಭವಾಗಿ, ಜಲಾಶಯ ತುಂಬಿರುವಷ್ಟು ದಿನ ಮುಂದುವರಿಯಬೇಕಾಗುತ್ತದೆ. ಪತ್ರಿಕೆಗಳಲ್ಲಿ ನಿತ್ಯ ಪ್ರಕಟವಾಗುವ ಜಲಾಶಯ ಮಟ್ಟ, ಒಳಹರಿವು ಮತ್ತು ಹೊರಹರಿವಿನ ಅಂಕಿಗಳನ್ನು ರೈತರು ಓದುವಷ್ಟೇ ಆಸ್ಥೆಯಿಂದ ನದಿ ದಂಡೆಯ ನಗರವಾಸಿಗಳೂ ಓದುವುದು ಒಳಿತು.

ಹಾಗಿದ್ದಲ್ಲಿ ಭದ್ರಾ ಜಲಾಶಯವನ್ನು ಕೆಲವು ಅಡಿ ಖಾಲಿ ಇಟ್ಟುಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಪ್ರವಾಹ ನಿಯಂತ್ರಣದ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಭದ್ರಾ ಜಲಾಶಯವು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳೂ ಸೇರಿದಂತೆ ಒಂದು ಲಕ್ಷ ಹೆಕ್ಟೇರಿಗೂ ಮಿಗಿಲಾದ ಜಮೀನಿಗೆ ನೀರುಣಿಸುವ ನೀರಾವರಿ ಜಲಾಶಯ. ಆಗಸ್ಟ್‌ನಲ್ಲಿ ಖಾಲಿ ಬಿಟ್ಟ ಐದು ಅಡಿಯನ್ನು ಸೆಪ್ಟೆಂಬರ್ ಮಳೆ ತುಂಬಿಸದೆ ಹೋದರೆ ನಾಲೆಯ ಕೊನೆಯ ಭಾಗದ ಭತ್ತದ ಗದ್ದೆಗೆ ಬೇಸಿಗೆ ನೀರು ತಲುಪುವುದಿಲ್ಲ. ನದಿ ದಂಡೆಯ ಕೆಲವು ನೂರು ಮನೆಗಳ ಹಿತ ಮತ್ತು ಅಚ್ಚುಕಟ್ಟಿನ ಸಾವಿರಾರು ರೈತರ ಹಿತ ಇಲ್ಲಿ ಎದುರುಬದುರಾಗಿವೆ. ಇದಕ್ಕೆ ಸುಲಭ ಉತ್ತರವಿಲ್ಲ. ಮಳೆಯ ಮುನ್ಸೂಚನೆ ಖಚಿತವಾದಷ್ಟೂ ಒಂದೆರಡು ದಿನ ಮುಂಚಿತವಾಗಿ ಸ್ವಲ್ಪ ಸ್ವಲ್ಪವೇ ನೀರು ಬಿಡುವ ಅವಕಾಶ ಹೆಚ್ಚುತ್ತದೆ. ಏಕಾಏಕಿ ಬಿಡುವ 60,000 ಕ್ಯೂಸೆಕ್‌ಗಿಂತ ಎರಡು ದಿನ ಮೊದಲೇ ಬಿಡತೊಡಗಿದ 30,000 ಕ್ಯೂಸೆಕ್ ಕಡಿಮೆ ಹಾನಿ ಮಾಡುತ್ತದೆ.

ಗೇಟುಗಳ ದುರಸ್ತಿಯೂ ಇದೇ ಸಂದರ್ಭದಲ್ಲಿ ಗಮನಾರ್ಹ. ಇದೇ ಎರಡು ನದಿಗಳ ನೀರು ಸೇರುವ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ವಯ ಪ್ರತಿ ದೊಡ್ಡ ಅಣೆಕಟ್ಟಿಗೂ ತುರ್ತು ಕ್ರಿಯಾ ಯೋಜನೆ ಇರತಕ್ಕದ್ದು. ಕೆಳಭಾಗದ ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ನೀರು ತಲುಪುತ್ತದೆ ಎಂಬುದನ್ನು ಅಂತಹ ಯೋಜನೆಯಲ್ಲಿ ನಮೂದಿಸಬೇಕಾಗುತ್ತದೆ.

ನಗರದೊಳಗೆ ನೀರು ನುಗ್ಗುವ ಬಗೆ

2019ರ ಆಗಸ್ಟ್ ಎರಡನೆಯ ವಾರದಲ್ಲಿ ಶಿವಮೊಗ್ಗದ ಕುಂಬಾರಗುಂಡಿ, ಇಮಾಮ್‌ಬಾಡಾ, ರಾಜೀವ್ ಗಾಂಧಿ ಬಡಾವಣೆ ಮುಂತಾದೆಡೆ ಮನೆಗಳು ಜಲಾವೃತಗೊಂಡು ನಿವಾಸಿಗಳನ್ನು ದೋಣಿಗಳಲ್ಲಿ ಸ್ಥಳಾಂತರಿಸಬೇಕಾಯಿತು. ಕುಂಬಾರಗುಂಡಿ ಎಂಬ ಹೆಸರೇ ನೆಲದ ಗುಣವನ್ನು ಹೇಳುತ್ತದೆ. ಭದ್ರಾವತಿಯಲ್ಲಿ ಕವಲಗುಂದಿ, ಏಕಿನ್ಷಾ ಕಾಲೋನಿ, ಗುಂಡೂರಾವ್ ಶೆಡ್ ಪ್ರದೇಶಗಳು ಹೊರಹರಿವು ಹೆಚ್ಚಿದಾಗಲೆಲ್ಲ ಮೊದಲು ನೀರು ಕಾಣುವ ಸ್ಥಳಗಳು. ನಗರ ಮಧ್ಯದ ಹೊಸ ಸೇತುವೆ ತಗ್ಗಿನಲ್ಲಿರುವುದರಿಂದ ಮುಳುಗಿ ಸಂಚಾರ ಸ್ಥಗಿತಗೊಳ್ಳುತ್ತದೆ, ಹಳೆಯ ಸೇತುವೆಯೇ ಆಗ ಊರನ್ನು ಕೂಡಿಸುತ್ತದೆ. ಎರಡು ದಂಡೆಗಳ ಮೇಲಿರುವ ಊರಿನಲ್ಲಿ ಶಾಲೆ ಒಂದು ದಂಡೆಯಲ್ಲಿ, ಮನೆ ಇನ್ನೊಂದು ದಂಡೆಯಲ್ಲಿ ಇರುವ ಮಕ್ಕಳ ವಿಷಯವಾಗಿ ಪೋಷಕರು ಮುಂಚಿತವಾಗಿಯೇ ಯೋಚಿಸಿರಬೇಕು.

ನೀರು ಸದಾ ದಂಡೆ ಹಾರಿಯೇ ಬರುವುದಿಲ್ಲ. ನಗರದ ಮಳೆನೀರು ಚರಂಡಿಗಳೂ ರಾಜಕಾಲುವೆಗಳೂ ಕೊನೆಗೆ ಹೊಳೆಗೇ ಸೇರುತ್ತವೆ. ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದಾಗ ಚರಂಡಿ ಹಿಮ್ಮುಖವಾಗಿ ಹರಿಯತೊಡಗುತ್ತದೆ. ಹೊಳೆಯಿಂದ ದೂರದ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ನೀರು ಉಕ್ಕುವುದು ಈ ಕಾರಣದಿಂದ. ಆದ್ದರಿಂದ ದಂಡೆಗೆ ತಡೆಗೋಡೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗೋಡೆಯೊಳಗೆ ಹಾದುಹೋಗುವ ಪ್ರತಿ ಚರಂಡಿಯ ಬಾಯಿಗೂ ಒಂದೇ ದಿಕ್ಕಿಗೆ ತೆರೆದುಕೊಳ್ಳುವ ಕವಾಟ ಅಗತ್ಯ. ಕವಾಟ ಮುಚ್ಚಿರುವ ಹೊತ್ತಿನಲ್ಲಿ ಊರೊಳಗೆ ಬೀಳುವ ಮಳೆಯನ್ನು ಹೊರಹಾಕಲು ಪಂಪುಗಳೂ ಅಗತ್ಯ. ಇವೆರಡೂ ಇಲ್ಲದ ತಡೆಗೋಡೆಯು ನೀರನ್ನು ಒಳಗೇ ಕಟ್ಟಿಹಾಕುವ ಒಡ್ಡಾಗಿ ಪರಿಣಮಿಸುತ್ತದೆ. ಚರಂಡಿಗಳ ಹೂಳನ್ನು ಮೇ ತಿಂಗಳೊಳಗೆ ತೆಗೆದು, ತೆಗೆದ ಹೂಳನ್ನು ಅಲ್ಲಿಯೇ ದಂಡೆಯ ಮೇಲೆ ರಾಶಿ ಹಾಕದೆ ಸಾಗಿಸುವುದು ಅತಿ ಕಡಿಮೆ ವೆಚ್ಚದ, ಆದರೆ ಅತಿ ಹೆಚ್ಚು ಉಪೇಕ್ಷೆಗೆ ಒಳಗಾದ ಕ್ರಮ. ಮೊದಲ ಮಳೆಗೇ ಆ ರಾಶಿ ಮರಳಿ ಚರಂಡಿಗೆ ಇಳಿಯುವುದನ್ನು ಯಾರೂ ನೋಡಬಹುದು.

ದಂಡೆಯ ಕುಟುಂಬಗಳನ್ನು ಶಾಶ್ವತವಾಗಿ ಬೇರೆಡೆಗೆ ಸ್ಥಳಾಂತರಿಸುವ ಪ್ರಸ್ತಾವ ಪ್ರತಿ ಪ್ರವಾಹದ ನಂತರವೂ ಬರುತ್ತದೆ. ತಾಂತ್ರಿಕವಾಗಿ ಇದೇ ಪೂರ್ಣ ಪರಿಹಾರ. ಆದರೆ ಈ ಕುಟುಂಬಗಳಲ್ಲಿ ಬಹುತೇಕರು ದಿನಗೂಲಿ, ಮನೆಗೆಲಸ, ಸಣ್ಣ ವ್ಯಾಪಾರ ಮಾಡುವವರು. ಪೇಟೆಯಿಂದ ಹತ್ತು ಕಿಲೋಮೀಟರ್ ದೂರದಲ್ಲಿ ನಿವೇಶನ ದೊರೆತರೆ ವರ್ಷದಲ್ಲಿ ನಾಲ್ಕು ದಿನದ ನೀರಿನಿಂದ ಬಿಡುಗಡೆ ಸಿಗುತ್ತದೆ, ಉಳಿದ ದಿನಗಳ ಗಳಿಕೆಯ ಒಂದು ಪಾಲು ಬಸ್ಸಿನ ದರಕ್ಕೆ ಹೋಗುತ್ತದೆ. ಪುನರ್ವಸತಿಯ ಸ್ಥಳವನ್ನು ಭೂಮಿಯ ಬೆಲೆ ನೋಡಿ ಆರಿಸಿದಲ್ಲಿ ಅಂತಹ ಮನೆಗಳು ಖಾಲಿ ಉಳಿದು ದಂಡೆ ಮತ್ತೆ ತುಂಬುತ್ತದೆ.

ಮನೆಯ ಮಟ್ಟದ ಕ್ರಮಗಳು

ಮೇಲೆ ಹೇಳಿದಂತೆ ನೀರು ಬರುವ ಸುದ್ದಿ ಈ ಎರಡು ನಗರಗಳಿಗೆ ಕೆಲವು ಗಂಟೆಗಳಷ್ಟು ಮೊದಲೇ ತಿಳಿಯುತ್ತದೆ. ಆದರೆ 'ಗಾಜನೂರಿನಿಂದ ಇಷ್ಟು ಸಾವಿರ ಕ್ಯೂಸೆಕ್' ಎಂಬ ಪ್ರಕಟಣೆ ಒಂದು ಮನೆಗೆ ಏನನ್ನು ಸೂಚಿಸುತ್ತದೆ ಎಂಬುದು ಆ ಮನೆಯವರಿಗೇ ತಿಳಿದಿರುವುದಿಲ್ಲ. ಇದಕ್ಕೆ ಸುಲಭ ಉಪಾಯವೆಂದರೆ ಹಿಂದಿನ ಪ್ರವಾಹದಲ್ಲಿ ನೀರು ನಿಂತ ಮಟ್ಟವನ್ನು ಗೋಡೆಯ ಮೇಲೆ ಬಣ್ಣದಿಂದ ಗುರುತಿಸಿ ದಿನಾಂಕ ಬರೆಯುವುದು, ಅಂದು ಪ್ರಕಟವಾಗಿದ್ದ ಹೊರಹರಿವಿನ ಅಂಕಿಯನ್ನೂ ಪಕ್ಕದಲ್ಲಿ ನಮೂದಿಸುವುದು. ಮುಂದಿನ ಬಾರಿ ಅಂಕಿ ಕೇಳಿದ ಕೂಡಲೇ ನೀರು ಹೊಸ್ತಿಲಿಗೆ ಬರುವುದೋ ಕಿಟಕಿಗೆ ಬರುವುದೋ ಅಂದಾಜಿಸಬಹುದು. ಹಲವರು ಪ್ರವಾಹದ ಬಳಿಕ ಮೊದಲು ಮಾಡುವ ಕೆಲಸ ಆ ಕಲೆಗೆ ಸುಣ್ಣ ಬಳಿಯುವುದು. ಬಾಡಿಗೆಗೆ ಕೊಡುವ ಮನೆಯಾದರಂತೂ ಇದು ತಪ್ಪದೆ ನಡೆಯುತ್ತದೆ, ಮುಂದೆ ಬರುವ ಬಾಡಿಗೆದಾರನಿಗೆ ಗುರುತೂ ಇಲ್ಲ, ಮಾಹಿತಿಯೂ ಇಲ್ಲ.

ಹೊಸದಾಗಿ ಮನೆ ಕಟ್ಟುವವರು ಈ ಗುರುತಿಗಿಂತ ಎತ್ತರಕ್ಕೆ ತಳಪಾಯದ ಪಟ್ಟಿ ತರಬೇಕು. ಅದು ಸಾಧ್ಯವಿಲ್ಲದಿದ್ದಲ್ಲಿ ವಿದ್ಯುತ್ ಮೀಟರ್, ಸ್ವಿಚ್ ಬೋರ್ಡ್ ಮತ್ತು ಪಂಪಿನ ಸ್ಟಾರ್ಟರ್‌ಗಳನ್ನಾದರೂ ಗುರುತಿನ ಮೇಲೆ ಅಳವಡಿಸಬೇಕು. ಹಳೆಯ ಮನೆಗಳ ಅಟ್ಟವನ್ನು ಒಡೆಯದೆ ಉಳಿಸಿಕೊಳ್ಳುವುದು ಲೇಸು, ಅಕ್ಕಿ ಮೂಟೆಗೂ ಪುಸ್ತಕಕ್ಕೂ ಅದಕ್ಕಿಂತ ಉತ್ತಮ ಜಾಗ ದಂಡೆಯ ಮನೆಯಲ್ಲಿ ಇರಲಾರದು.

ಸ್ಥಳಾಂತರಕ್ಕೆ ಸೂಚನೆ ಬಂದಾಗ ಹೊರಡಲು ತಡವಾಗುವುದು ಭಯದ ಕೊರತೆಯಿಂದಲ್ಲ. ಸಾಮಾನು ಕಳುವಾದೀತೆಂಬ ಚಿಂತೆ, ದನಕರುಗಳನ್ನು ಎಲ್ಲಿ ಕಟ್ಟುವುದೆಂಬ ಚಿಂತೆ, ಹಾಸಿಗೆ ಹಿಡಿದ ಹಿರಿಯರನ್ನು ಎತ್ತಿಕೊಂಡು ಹೋಗುವವರಿಲ್ಲದಿರುವುದು, ಇವೇ ಮುಖ್ಯ ಕಾರಣಗಳು. ಬೀದಿಯಲ್ಲಿ ಯಾವ ಮನೆಯಲ್ಲಿ ನಡೆಯಲಾಗದವರು, ಗರ್ಭಿಣಿಯರು ಇದ್ದಾರೆಂಬ ಪಟ್ಟಿಯನ್ನು ಜೂನ್‌ನಲ್ಲೇ ಸಿದ್ಧಪಡಿಸಿ, ಅವರನ್ನು ಹಗಲು ಹೊತ್ತಿನಲ್ಲಿ ಮೊದಲು ಕಳುಹಿಸುವುದು ಉಚಿತ. ಮೊಣಕಾಲಿಗಿಂತ ಕೆಳಗಿನ ನೀರೂ ರಭಸವಿದ್ದಲ್ಲಿ ಆಳನ್ನು ಬೀಳಿಸುತ್ತದೆ, ಎರಡು ಅಡಿ ಹರಿವ ನೀರು ಕಾರನ್ನು ತೇಲಿಸುತ್ತದೆ. ಮುಳುಗಿದ ಸೇತುವೆಯ ಮೇಲೆ ವಾಹನ ಇಳಿಸುವುದನ್ನು ಯಾವ ಸಂದರ್ಭದಲ್ಲೂ ಮಾಡಕೂಡದು.

ನೀರು ಇಳಿದ ನಂತರದ ಎರಡು ದಿನಗಳು ಅಪಾಯದ ದಿನಗಳೇ. ನೆನೆದ ಮಣ್ಣಿನ ಗೋಡೆ ನೀರು ನಿಂತಾಗಲ್ಲ, ನೀರಿನ ಒತ್ತು ತಪ್ಪಿ ಬಿಸಿಲು ಬಿದ್ದಾಗ ಕುಸಿಯುವುದು ಹೆಚ್ಚು. ಗೋಡೆಯ ಬುಡದಲ್ಲಿ ಬಿರುಕು, ಉಬ್ಬು ಕಂಡಲ್ಲಿ ಆ ಮನೆಯಲ್ಲಿ ಮಲಗಬಾರದು. ಮೇನ್ ಸ್ವಿಚ್ ಅನ್ನು ಪರಿಣತರ ಪರಿಶೀಲನೆಯಾಗದೆ ಹಾಕಬಾರದು. ಬಾವಿ, ಸಂಪುಗಳ ನೀರನ್ನು ಖಾಲಿ ಮಾಡಿ ಕ್ಲೋರಿನ್ ಬಳಸಿ ಶುದ್ಧೀಕರಿಸಿದ ನಂತರವೂ ಕೆಲವು ದಿನ ಕುದಿಸಿಯೇ ಕುಡಿಯಬೇಕು. ಗಾಯವಿರುವ ಕಾಲಿನಿಂದ ಕೆಸರಿನಲ್ಲಿ ಓಡಾಡಿದವರಿಗೆ ಜ್ವರ ಬಂದಲ್ಲಿ ಇಲಿಜ್ವರದ ಸಂಶಯವಿರಿಸಿ ವೈದ್ಯರಿಗೆ ಪ್ರವಾಹದ ವಿಷಯ ತಿಳಿಸುವುದು ಅವಶ್ಯ.

ಪರಿಹಾರ, ವಿಮೆ ಮತ್ತು ದಾಖಲೆಗಳು

2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ವಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಪರಿಹಾರ ಕಾರ್ಯಗಳ ಹೊಣೆ ಹೊತ್ತಿದೆ. ಕೇಂದ್ರ ಸರ್ಕಾರವು 2022-23ರಿಂದ 2025-26ರ ಅವಧಿಗೆ ನಿಗದಿಪಡಿಸಿದ ಮಾನದಂಡದಂತೆ ಜೀವಹಾನಿಗೆ 4 ಲಕ್ಷ ರೂ., ಸಂಪೂರ್ಣ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂ., ಶೇ. 15ಕ್ಕೆ ಕಡಿಮೆಯಿಲ್ಲದಂತೆ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂ. ಹಾಗೂ ಕಚ್ಚಾ ಮನೆಗೆ 4,000 ರೂ. ನಿಗದಿಯಾಗಿತ್ತು. ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸಿ ಕೊಡುವುದುಂಟು. 2019ರಲ್ಲಿ ನೀರು ನುಗ್ಗಿದ ಮನೆಗೆ ತಕ್ಷಣದ ನೆರವು 10,000 ರೂ., ಸಂಪೂರ್ಣ ಬಿದ್ದ ಮನೆಗೆ 5 ಲಕ್ಷ ರೂ. ಎಂದು ರಾಜ್ಯ ಘೋಷಿಸಿತ್ತು.

ಈ ಮಾನದಂಡದಲ್ಲಿ ಹಾನಿಗೊಂಡ ಮನೆ ಅಧಿಕೃತ ನಿರ್ಮಾಣವಾಗಿರಬೇಕೆಂಬ ಷರತ್ತಿದೆ. ಹಕ್ಕುಪತ್ರವಿಲ್ಲದ ದಂಡೆಯ ಮನೆಗಳಿಗೆ ಇದೇ ದೊಡ್ಡ ತೊಡಕು. ನೀರು ಬಂದ ಮೇಲೆ ಹಕ್ಕುಪತ್ರ ಹುಡುಕುವ ಬದಲು ಖಾತೆ, ಕಂದಾಯ ರಸೀದಿ, ವಿದ್ಯುತ್ ಬಿಲ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕಗಳನ್ನು ಬೇಸಿಗೆಯಲ್ಲೇ ಒಂದೆಡೆ ಕೂಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿ, ಮೊಬೈಲ್‌ನಲ್ಲಿ ಚಿತ್ರ ತೆಗೆದು ಬೇರೆ ಊರಿನ ಬಂಧುಗಳಿಗೂ ಕಳುಹಿಸಿಡುವುದು ಸೂಕ್ತ. ಮನೆ ತೊಳೆಯುವ ಮೊದಲು ನೀರಿನ ಗುರುತು, ಬಿದ್ದ ಗೋಡೆ, ಹಾಳಾದ ಸಾಮಾನುಗಳ ಚಿತ್ರ ತೆಗೆಯಬೇಕು. ಪಂಚನಾಮೆಗೆ ಬರುವವರು ಸ್ವಚ್ಛವಾದ ಮನೆಯಲ್ಲಿ ಹಾನಿಯನ್ನು ಅಳೆಯಲಾರರು.

ವಿಮೆಯ ವಿಷಯದಲ್ಲಿ ಅರಿವು ಕಡಿಮೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಪ್ರವಾಹವೂ ಒಳಗೊಂಡಿದೆ. ಸಣ್ಣ ಅಂಗಡಿ, ಗಿರಣಿ, ಕಾರ್ಯಾಗಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿ ಇದೆ. ಅಂಗಡಿಯ ದಾಸ್ತಾನು ಪುಸ್ತಕವನ್ನು ಅಂಗಡಿಯಲ್ಲೇ ಇಟ್ಟು ಅದೂ ನೆನೆದುಹೋದರೆ ನಷ್ಟವನ್ನು ರುಜುವಾತುಪಡಿಸುವುದು ಕಷ್ಟ. ದಾಸ್ತಾನಿನ ಪ್ರತಿಯೊಂದನ್ನು ಮನೆಯಲ್ಲಿಯೂ ಇರಿಸಬೇಕು. ನೀರು ನಿಂತ ವಾಹನವನ್ನು ಪರೀಕ್ಷಿಸಲೆಂದು ಸ್ಟಾರ್ಟ್ ಮಾಡಿದಲ್ಲಿ ಎಂಜಿನ್ ಹಾನಿಗೆ ಸಾಧಾರಣ ಪಾಲಿಸಿಯಲ್ಲಿ ಪರಿಹಾರ ನಿರಾಕರಣೆಯಾಗುವ ಸಂಭವವಿರುವುದರಿಂದ, ಅದನ್ನು ತಳ್ಳಿಕೊಂಡೇ ಕಾರ್ಯಾಗಾರಕ್ಕೆ ಒಯ್ಯತಕ್ಕದ್ದು.

ತುರ್ತು ಸಂದರ್ಭದಲ್ಲಿ ಸಾರ್ವಜನಿಕರು ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸೇವೆ 112, ಆಂಬುಲೆನ್ಸ್ 108 ಹಾಗೂ ತಂತಿ ಹರಿದು ಬಿದ್ದ, ಕಂಬ ವಾಲಿದ ದೂರುಗಳಿಗೆ ಮೆಸ್ಕಾಂ ಸಹಾಯವಾಣಿ 1912ನ್ನು ಸಂಪರ್ಕಿಸಬಹುದಾಗಿದೆ. ಕರೆ ಮಾಡುವಾಗ ಬಡಾವಣೆಯ ಹೆಸರಿನ ಜೊತೆಗೆ ಅಡ್ಡರಸ್ತೆ, ಹತ್ತಿರದ ದೇವಸ್ಥಾನ ಅಥವಾ ಶಾಲೆ, ನೀರಿನ ಆಳ ಮತ್ತು ಮನೆಯಲ್ಲಿರುವವರ ಸಂಖ್ಯೆಯನ್ನು ತಿಳಿಸಲು ಕೋರಲಾಗಿದೆ.